ಪಕ್ಕೆಲುಬು ತೆಗೆದ ಮೇಲೆ ಎದೆಗೂಡಿನ ಪುನರ್ನಿರ್ಮಾಣ

ಪತ್ರದ ಸಾರ: ದುಬೈನ ಕರಾಮಾದಲ್ಲಿರುವ ಓದುಗರೊಬ್ಬರ ಪತಿಗೆ ಎದೆಯ ಮುಂಭಾಗದಲ್ಲಿ ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಗಡ್ಡೆ, 3 ಪಕ್ಕೆಲುಬು ತೆಗೆಯಬೇಕಂತೆ. ಶಸ್ತ್ರಚಿಕಿತ್ಸೆ ಅಲ್ಲಿಯೋ, ಬೆಂಗಳೂರಿನಲ್ಲಿಯೋ?

ಸಹೋದರಿ, ಈ ಜಾತಿಯ ಗಡ್ಡೆಯು ವಿಕಿರಣಕ್ಕಾಗಲಿ ಕೀಮೋಥೆರಪಿಗಾಗಲಿ ಸಾಮಾನ್ಯವಾಗಿ ಮಣಿಯದಾದುದರಿಂದ, ಸುತ್ತಲಿನ ನಿರೋಗಿ ಅಂಚನ್ನೂ ಸೇರಿಸಿ ಸಮೂಲವಾಗಿ ಛೇದಿಸುವುದೇ ಮುಖ್ಯ ಚಿಕಿತ್ಸೆ. ತೆರವು ದೊಡ್ಡದಾದೀತೆಂದು ಅಂಜಿ ಅಂಚನ್ನು ಕಿರಿದುಗೊಳಿಸಿರೆಂದು ಬೇಡುವುದು ತರವಲ್ಲ. ಮುಂಭಾಗದಲ್ಲಿ ಸುಮಾರು 5 ಸೆಂಟಿಮೀಟರಿಗೆ ಮಿಗಿಲಾದ ತೆರವನ್ನು ಹಾಗೆಯೇ ಬಿಟ್ಟರೆ ಉಸಿರೆಳೆದಾಗಲೆಲ್ಲ ಅದು ಒಳಗೆ ಕುಸಿಯುವುದರಿಂದ, ಜಾಲರಿ, ಮೂಳೆ ಸಿಮೆಂಟು ಅಥವಾ ಟೈಟಾನಿಯಂ ಪಟ್ಟಿಗಳಿಂದ ದಾರ್ಢ್ಯವನ್ನಿತ್ತು, ಅದರ ಮೇಲೆ ಬೆನ್ನಿನ ಅಥವಾ ಎದೆಯ ಸ್ನಾಯುವನ್ನು ರಕ್ತನಾಳಸಹಿತ ತಿರುಗಿಸಿ ಹೊದಿಸುವರು.

ಊರಿಗಿಂತ ಮುಖ್ಯವಾದುದು ಎದೆಯ ಶಸ್ತ್ರವೈದ್ಯರೂ ಪ್ಲಾಸ್ಟಿಕ್ ಸರ್ಜನರೂ ಕೂಡಿ ಯೋಜಿಸುವ ಆಸ್ಪತ್ರೆ. ಟಿಕೆಟ್ ಕೊಳ್ಳುವ ಮೊದಲು ಸಿ.ಟಿ. ಚಿತ್ರಗಳನ್ನೂ ಬಯಾಪ್ಸಿಯ ಸ್ಲೈಡುಗಳನ್ನೂ ಅಬುಧಾಬಿಯ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿಯೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿಯೋ ತೋರಿಸಿ ಎರಡನೆಯ ಅಭಿಪ್ರಾಯ ಪಡೆಯಿರಿ. ವಿಮೆಯ ಪೂರ್ವಾನುಮತಿಯಲ್ಲಿ ಟೈಟಾನಿಯಂ ಪಟ್ಟಿಯ ವೆಚ್ಚವೂ ಅಡಕವಾಗಿದೆಯೇ ಎಂಬುದನ್ನು ಬರೆಹದಲ್ಲಿಯೇ ಕೇಳಿ. ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಧೂಮಪಾನವಿದ್ದರೆ ಇಂದೇ ನಿಲ್ಲಲಿ.

ಮನೆಗೆ ಮರಳಿದ ಮೇಲೆ ಜ್ವರ ಬಂದರೆ, ಗಾಯ ಕೆಂಪೇರಿದರೆ ಅಥವಾ ಸೋರಿದರೆ ಅಂದೇ ವೈದ್ಯರನ್ನು ಕಾಣಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ದುಬೈನಲ್ಲಿದ್ದಾಗ ಆಂಬುಲೆನ್ಸ್ ಸಂಖ್ಯೆ 998ಕ್ಕೆ ಕರೆ ಮಾಡಿ. ಎದೆಯ ಎಕ್ಸ್‌ರೇ ನೋಡಿ ಶಸ್ತ್ರವೈದ್ಯರು ಒಪ್ಪುವವರೆಗೆ ವಿಮಾನಯಾನ ಬೇಡ.