ಗಗನ ಮಹಲಿನ ಎದುರು ಸ್ವಲ್ಪ ನಿಲ್ಲಿ

ಆನೆಗುಂದಿಗೆ ಬರುವ ಬಹುಪಾಲು ಜನ ಅಂಜನಾದ್ರಿ ಹತ್ತಿ ಇಳಿದು, ಪಂಪಾ ಸರೋವರ ನೋಡಿ, ಹೊಳೆಯಾಚೆಯ ಹಂಪಿಗೆ ಹೊರಟುಬಿಡುತ್ತಾರೆ. ಊರ ನಡುವೆ, ರಂಗನಾಥಸ್ವಾಮಿ ಗುಡಿಯ ಎದುರಿಗಿರುವ ಗಗನ ಮಹಲಿನ ಮುಂದೆ ಗಾಡಿ ನಿಲ್ಲಿಸುವವರು ಕಡಿಮೆ. ಊರಾಳಿಕೆಯ ಹಳೆಯ ಮನೆ ಹೇಗಿರುತ್ತದೆಂದು ಕೊಪ್ಪಳ ಜಿಲ್ಲೆಯಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ. ಗಂಗಾವತಿಯಿಂದ ಬಸ್ಸಿನಲ್ಲಿ ಬಂದರೆ ಬಹಳ ದೂರವಿಲ್ಲ. ಹೊಸಪೇಟೆ ಕಡೆಯಿಂದ ಬರುವವರಿಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯಿದೆ.

ಬರುವ ಮುನ್ನ ಒಂದು ಮಾತು ತಿಳಿದಿರಲಿ. ಪುರಭವನ ಎಂದೊಡನೆ ನಮ್ಮಲ್ಲಿ ಹಲವರ ಕಣ್ಣಮುಂದೆ ಬರುವುದು ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ: 1935ರ ಕಟ್ಟಡ, ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲು. ಅಂಥ ಕಟ್ಟಡವನ್ನು ಸಭೆ ಸೇರಲಿಕ್ಕೆಂದೇ ಕಟ್ಟಿಸಿದ್ದು. ನಮ್ಮ ಭಾಗದಲ್ಲಿ ಹಾಗಾಗಲಿಲ್ಲ. ಇಲ್ಲಿ ಆಳುವವರು ಬದಲಾದರು, ಕಟ್ಟಡ ಉಳಿಯಿತು. ಆನೆಗುಂದಿ ಅರಸು ಮನೆತನದ ಅರಮನೆಯಾಗಿದ್ದ ಗಗನ ಮಹಲಿನಲ್ಲೇ ಮುಂದೆ ಗ್ರಾಮ ಪಂಚಾಯಿತಿ ಕಚೇರಿ ನಡೆಯಿತು. ಅರಸರಿದ್ದ ಕಡೆಗೇ ಊರವರು ಅರ್ಜಿ ಹಿಡಿದು ಬರುವಂತಾಯಿತು. ಈ ಕಟ್ಟಡದ ದೊಡ್ಡಸ್ತಿಕೆ ಅದರ ಎತ್ತರಕ್ಕಿಂತ ಈ ಬದಲಾವಣೆಯಲ್ಲಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇತಿಹಾಸ ಸ್ವಲ್ಪ ಬೇಕು, ಬಹಳ ಬೇಡ. 1336ರಲ್ಲಿ ವಿಜಯನಗರ ಹುಟ್ಟುವುದಕ್ಕೂ ಮೊದಲೇ ತುಂಗಭದ್ರೆಯ ಬಡಗಣ ದಡದ ಆನೆಗುಂದಿ ಕೋಟೆಯ ಊರಾಗಿತ್ತು. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಆನೆಗುಂದಿಯಲ್ಲಿ ಮಾತ್ರ ಅರಸು ಮನೆತನದ ಎಳೆ ಉಳಿದುಕೊಂಡಿತು. ಮುಂದೆ ಈ ಸೀಮೆ ಹೈದರಾಬಾದಿನ ನಿಜಾಮರ ಅಧೀನವಾಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಡನೆ ನಾವು ಕನ್ನಡ ನಾಡಿಗೆ ಸೇರಿದೆವು, 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು.

ಈಗ ನೋಡುವ ಬಗೆ. ಬಂದ ಕೂಡಲೇ ಬಾಗಿಲಿಗೆ ಹೋಗಬೇಡಿ. ಗುಡಿಯ ಕಡೆ ನಾಲ್ಕು ಹೆಜ್ಜೆ ಸರಿದು ಹಿಂತಿರುಗಿ ನೋಡಿ. ಒಂದು ಮಗ್ಗುಲಿಗೆ ದೇವರು, ಇನ್ನೊಂದು ಮಗ್ಗುಲಿಗೆ ಅರಸು, ನಡುವೆ ಜನ ಸೇರುವ ಬಯಲು. ತೇರೂ ಇಲ್ಲೇ, ಊರ ಮಾತುಕತೆಯೂ ಇಲ್ಲೇ. ಯುರೋಪಿನ ಹಳೆಯ ಪಟ್ಟಣಗಳಲ್ಲೂ ಪುರಭವನ, ಚರ್ಚು, ಸಂತೆಯ ಚೌಕ ಹೀಗೆಯೇ ಒಂದನ್ನೊಂದು ನೋಡುತ್ತ ನಿಂತಿರುತ್ತವೆ. ಮೇಲಿನ ಕಿಟಕಿಯಲ್ಲಿ ನಿಂತವರಿಗೆ ಕೆಳಗೆ ಏನೇನು ಕಾಣುತ್ತಿತ್ತು, ಬಯಲಿನಲ್ಲಿ ನಿಂತವರಿಗೆ ಮೇಲಿನವರು ಎಷ್ಟು ಕಾಣುತ್ತಿದ್ದರು ಎಂದು ಕೇಳಿಕೊಳ್ಳಿ. ಆಳಿಕೆಯ ಕಟ್ಟಡವನ್ನು ಅರಿಯುವ ಮೊದಲ ಪಾಠ ಅದು.

ಬಳಿಕ ಹತ್ತಿರ ಹೋಗಿ ಕಮಾನು ಗಮನಿಸಿ. ಹಂಪಿಯ ಕಮಲ ಮಹಲ್, ಆನೆ ಲಾಯಗಳನ್ನು ನೋಡಿದ್ದರೆ ಇವು ನಿಮಗೆ ಗುರುತಿನವೇ. ಗುಡಿಯನ್ನು ಕಲ್ಲಿನ ಕಂಬ ತೊಲೆಗಳಿಂದ ಕಟ್ಟುತ್ತಿದ್ದ ವಿಜಯನಗರದವರು ಅರಮನೆ, ಲಾಯ, ಕಾವಲು ಗೋಪುರಗಳಿಗೆ ಸುಲ್ತಾನರ ನಾಡಿನ ಕಮಾನು, ಗುಮ್ಮಟ, ಗಾರೆಗಳನ್ನು ಧಾರಾಳವಾಗಿ ಬಳಸಿದರು. ಕಾಳಗ ಮಾಡಿದವರಿಂದಲೇ ಕಟ್ಟುವ ವಿದ್ಯೆ ಪಡೆದರು. ಬಿಜಾಪುರದಲ್ಲೂ ಒಂದು ಗಗನ ಮಹಲ್ ಇದೆ; ಒಂದನೆಯ ಅಲಿ ಆದಿಲ್ ಶಾಹ 1561ರ ಸುಮಾರಿಗೆ ಕಟ್ಟಿಸಿದ ದರ್ಬಾರು, ಅದರ ನಡುಗಮಾನು ಬಹಳ ಅಗಲ. ಅಲ್ಲಿಯದು ದೊಡ್ಡ ದರ್ಬಾರಿನದು, ಇಲ್ಲಿಯದು ಊರಿನ ಅಳತೆಯದು. ಎರಡನ್ನೂ ಒಂದೇ ಎಂದುಕೊಂಡು ಹುಡುಕಬೇಡಿ.

ಗೋಡೆಯ ಮೈಯನ್ನು ಒಂದು ಗೇಣು ದೂರದಿಂದ ನೋಡಿ, ಮುಟ್ಟುವುದು ಬೇಡ. ಗಾರೆ ಉದುರಿದ ಕಡೆ ಒಳಗಿನ ಕಟ್ಟಡ ಕಾಣುತ್ತದೆ. ಹಳೆಯ ಕೆಲಸಗಾರರು ಸುಣ್ಣ, ಮರಳು ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ, ದಿನಗಟ್ಟಲೆ ಕೊಳೆಹಾಕಿ ಗಾರೆ ಹದ ಮಾಡುತ್ತಿದ್ದರು. ಮಳೆಗಾಲದಲ್ಲಿ ಗೋಡೆ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಗೆ ಬಿಡುವ ಗುಣ ಸುಣ್ಣಕ್ಕಿದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ಹಳೆಯ ಚಾವಡಿ, ಗುಡಿ, ವಾಡೆಗಳನ್ನು ದುರಸ್ತಿ ಮಾಡಿಸುವ ಊರವರು ಇದೊಂದನ್ನು ತಿಳಿದಿದ್ದರೆ ನಮ್ಮಲ್ಲಿ ಎಷ್ಟೋ ಗೋಡೆಗಳು ಉಳಿಯುತ್ತಿದ್ದವು.

ಕುಷ್ಟಗಿ, ಯಲಬುರ್ಗಾ ಕಡೆಯ ಓದುಗರು ತಮ್ಮೂರಿನ ಚಾವಡಿಯನ್ನು ನೆನೆದರೆ ಗಗನ ಮಹಲ್ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಿಜಾಮರ ಕಾಲದಲ್ಲಿ ಊರಿನ ಆಡಳಿತ ಮೂವರ ಕೈಯಲ್ಲಿತ್ತು: ಕಂದಾಯಕ್ಕೆ ಮಾಲಿ ಪಟೇಲ, ಕಾವಲಿಗೆ ಪೊಲೀಸ್ ಪಟೇಲ, ಲೆಕ್ಕಕ್ಕೆ ಪಟವಾರಿ. ಹುದ್ದೆಗಳು ವಂಶಪಾರಂಪರ್ಯ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಿಂದ ಜಾರಿಗೆ ಬಂದು ಅದನ್ನು ಕೊನೆಗೊಳಿಸಿತು. ಅರಮನೆಯಲ್ಲಿ ಪಂಚಾಯಿತಿ ಕಚೇರಿ ಕೂತದ್ದಕ್ಕೆ ಈ ಹಿನ್ನೆಲೆಯಲ್ಲಿ ತೂಕ ಬರುತ್ತದೆ. ಹುಟ್ಟಿನಿಂದ ಬರುತ್ತಿದ್ದ ಅಧಿಕಾರವಿದ್ದ ಕಡೆ ಮತದಿಂದ ಬಂದ ಅಧಿಕಾರ ಕುಳಿತಿತು.

ಮಹಲಿನಿಂದ ಹೊರಟು ಊರಿನ ಅಗಸಿ ಬಾಗಿಲುಗಳ ಕಡೆಗೂ ನಡೆಯಿರಿ. ಹೊಳೆಗೆ ಹೋಗುವ ದಾರಿಯಲ್ಲಿ ಹುಚ್ಚಪ್ಪಯ್ಯನ ಮಠವಿದೆ. ಅಲ್ಲಿಯ ಕರಿಕಲ್ಲಿನ ಕಂಬಗಳ ನುಣುಪನ್ನು ನೋಡದೆ ಬರಬೇಡಿ. ಹೊಳೆಯ ನಡುಗಡ್ಡೆಯ ನವವೃಂದಾವನಕ್ಕೆ ದೋಣಿ ಬೇಕು. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ ಯಾರು ಕರೆದರೂ ಹತ್ತಬೇಡಿ. ತಳವಾರಘಟ್ಟದ ಕಡೆ ಸೇತುವೆಯ ಅವಶೇಷ ಕಂಡರೆ ಅದರ ಕತೆಯೂ ಗೊತ್ತಿರಲಿ. ಇಂಥ ಸೇತುವೆಗಳ ಕಾರಣಕ್ಕೇ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ ಆನೆಗುಂದಿಯ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು.

ಇನ್ನೊಂದು ದಿನ ಕೈಯಲ್ಲಿದ್ದರೆ ಕೊಪ್ಪಳಕ್ಕೆ ಹೋಗಿ. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಬರಹ. ಅಧಿಕಾರದ ಮಾತು ಈ ಜಿಲ್ಲೆಯಲ್ಲಿ ಮೊದಲು ಕಾಣಿಸಿಕೊಂಡದ್ದು ಕಟ್ಟಡದಲ್ಲಲ್ಲ, ಬಂಡೆಯ ಮೇಲೆ. ದೊಡ್ಡವರಂತೆ ಸಣ್ಣವರೂ ಪ್ರಯತ್ನಪಟ್ಟರೆ ಶ್ರೇಯಸ್ಸು ಪಡೆಯಬಹುದೆಂಬುದು ಆ ಶಾಸನದ ಸಾರ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿರುವ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯಿದೆ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ, ನೋಡಿದವರು ಒಪ್ಪುತ್ತಾರೆ.

ಕೊನೆಗೆ ಗಗನ ಮಹಲಿಗೆ ಹೋಗುವವರಲ್ಲಿ ನನ್ನ ಕೋರಿಕೆ. ಬೆಳಗಿನ ಹೊತ್ತಿಗೆ ಹೋಗಿ, ಬಿಸಿಲು ಏರಿದ ಮೇಲೆ ಬಯಲಿನಲ್ಲಿ ನಿಲ್ಲಲಾಗದು. ಬಾಗಿಲು ಮುಚ್ಚಿದ್ದರೆ ಹೊರಗಿನಿಂದಲೇ ನೋಡಿ, ಅಷ್ಟಕ್ಕೇ ಸಾಕಷ್ಟಿದೆ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ಮಕ್ಕಳಿಗೂ ಬಿಡಬೇಡಿ. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕಂಡರೆ, ಅಜ್ಜಾರೆ, ಇಲ್ಲಿ ಪಂಚಾಯ್ತಿ ಇದ್ದಾಗ ಹೆಂಗಿತ್ರಿ ಎಂದು ಕೇಳಿ. ಅವರ ನೆನಪು ಯಾವ ಫಲಕದ ಮೇಲೂ ಬರೆದಿಲ್ಲ. ಅವರು ಇರುವಾಗಲೇ ಕೇಳಿಕೊಳ್ಳಬೇಕು.