ಬ್ಲಫ್‌ನ ನೀರಿನಿಂದ ಪಂಪ್‌ಸೆಟ್ಟಿನವರೆಗೆ: ಭೌತಶಾಸ್ತ್ರದ ಲೆಕ್ಕಕ್ಕೆ ಮೊದಲ ಪಾಠ

ನೀವು ಗೆಜ್ಜಲಗೆರೆಯಿಂದ ಮದ್ದೂರಿಗೋ ಮಂಡ್ಯಕ್ಕೋ ಬಸ್ಸು ಹತ್ತಿ ಪಿಯುಸಿ ವಿಜ್ಞಾನ ಓದಲು ಹೋಗುವವರು ಎಂದುಕೊಳ್ಳೋಣ. ಮೊದಲ ವರ್ಷ ಮೆಕ್ಯಾನಿಕ್ಸ್, ಅಂದರೆ ವಸ್ತುಗಳ ಚಲನೆ ಮತ್ತು ಬಲದ ಪಾಠ. ಎರಡನೆಯ ವರ್ಷ ವಿದ್ಯುತ್ತು ಮತ್ತು ಕಾಂತ. ಪುಸ್ತಕಗಳು ಬೇರೆ, ಸೂತ್ರಗಳೂ ಬೇರೆ. ಹಾಗಾಗಿ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ನಿಮಗೆ ತೋರಬಹುದು. ಆದರೆ ಎರಡೂ ಒಂದೇ ಸೂರಿನಡಿ ಕೂಡುವ ಜಾಗ ನಿಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಅದು ಜನ ಬ್ಲಫ್ ಎಂದು ಕರೆಯುವ ಶಿವನಸಮುದ್ರದ ವಿದ್ಯುದಾಗಾರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾಗಿ, 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಇದರಿಂದಲೇ ಹೊತ್ತಿಕೊಂಡವು.

ಲೆಕ್ಕ ಕಂಡ ಕೂಡಲೇ ಸೂತ್ರ ಹುಡುಕಬೇಡಿ. ಮೊದಲು ಒಂದು ಚಿತ್ರ ಬರೆಯಿರಿ. ಆಮೇಲೆ ಕೇಳಿಕೊಳ್ಳಿ: ಶಕ್ತಿ ಎಲ್ಲಿತ್ತು, ಎಲ್ಲಿಗೆ ಹೋಯಿತು? ಶಕ್ತಿ ಎಂದರೆ ಕೆಲಸ ಮಾಡುವ ಸಾಮರ್ಥ್ಯ. ಅದರ ಅಳತೆ ಜೂಲ್. ನೀರಿನಲ್ಲಿದ್ದರೂ ತಂತಿಯಲ್ಲಿದ್ದರೂ ಅದೇ ಜೂಲ್.

ಮನೆ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ತುಂಬುವಷ್ಟು ನೀರನ್ನು ತೆಗೆದುಕೊಳ್ಳಿ. ಅದರ ರಾಶಿ 1000 ಕಿಲೋಗ್ರಾಂ. ಬ್ಲಫ್‌ನಲ್ಲಿ ಕಾವೇರಿ ನದಿಯ ನೀರನ್ನು ನಾಲೆಯಲ್ಲಿ ತಂದು, ದಪ್ಪ ಕೊಳವೆಗಳ ಮೂಲಕ ಕೆಳಗೆ ಬಿಡುತ್ತಾರೆ. ಇಳಿಯುವ ಎತ್ತರ ಸುಮಾರು 120 ಮೀಟರ್ ಎಂದಿಟ್ಟುಕೊಳ್ಳಿ. ಎತ್ತರದಲ್ಲಿರುವುದರಿಂದಲೇ ನೀರಿಗೆ ಇರುವ ಶಕ್ತಿಗೆ ಪ್ರಚ್ಛನ್ನ ಶಕ್ತಿ ಎನ್ನುತ್ತೇವೆ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿ: 1000 × 9.8 × 120. ಉತ್ತರ 11,76,000 ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ಟಿಗೆ 36 ಲಕ್ಷ ಜೂಲ್. ಅಂದರೆ ಅಂಥ ಮೂರು ಟ್ಯಾಂಕು ನೀರು ಇಳಿದರೆ ಹೆಚ್ಚುಕಡಿಮೆ ಒಂದು ಯೂನಿಟ್.

ಕೆಳಗೆ ಬಂದ ನೀರಿಗೆ ಎತ್ತರವಿಲ್ಲ, ವೇಗವಿದೆ. ಪ್ರಚ್ಛನ್ನ ಶಕ್ತಿ ಈಗ ಚಲನ ಶಕ್ತಿಯಾಗಿದೆ. ಎರಡನ್ನೂ ಸಮ ಮಾಡಿ ಬರೆದರೆ ರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ. ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ವೇಗ ಸೆಕೆಂಡಿಗೆ ಸುಮಾರು 48 ಮೀಟರ್. ಆ ಹೊಡೆತಕ್ಕೆ ಟರ್ಬೈನ್ ಎಂಬ ಚಕ್ರ ತಿರುಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ನನಗೆ ಇಡೀ ಪಾಠದಲ್ಲಿ ಅತಿ ಪ್ರಿಯವಾದ ಜಾಗ ಇದೇ. ಚಕ್ರದ ಅಚ್ಚಿಗೆ ಜನರೇಟರ್ ಸೇರಿಸಿದೆ. ಅದರೊಳಗೆ ತಂತಿಸುರುಳಿ ಮತ್ತು ಕಾಂತ ಇವೆ, ಒಂದು ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ ಎಂದು ಫ್ಯಾರಡೆ 1831ರಲ್ಲಿ ಕಂಡುಕೊಂಡರು. ವೋಲ್ಟೇಜ್ ಎಂದರೆ ವಿದ್ಯುತ್ ಹರಿಯುವಂತೆ ತಳ್ಳುವ ಒತ್ತಡ. ಕಾಂತ ಸುಮ್ಮನೆ ಇದ್ದರೆ ಸಾಲದು, ಬದಲಾವಣೆ ಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವ ಮಾತು ಇದು.

ಹಾಗಾದರೆ ಕರೆಂಟು ಪುಕ್ಕಟೆ ಬಂತೇ? ಇಲ್ಲ. ಹಳೆಯ ಸೈಕಲ್ಲಿನ ಡೈನಮೊ ಸಿಕ್ಕರೆ ನೀವೇ ನೋಡಿ. ಬಲ್ಬಿನ ತಂತಿ ಕಳಚಿ ಪೆಡಲ್ ತುಳಿಯಿರಿ, ಆಮೇಲೆ ತಂತಿ ಸೇರಿಸಿ ತುಳಿಯಿರಿ. ದೀಪ ಹತ್ತಿದಾಗ ಕಾಲಿಗೆ ಭಾರ ಹೆಚ್ಚುತ್ತದೆ. ಸುರುಳಿಯಲ್ಲಿ ಹರಿಯುವ ಕರೆಂಟಿನ ಮೇಲೆ ಕಾಂತ ಬಲ ಹಾಕುತ್ತದೆ, ಆ ಬಲ ತಿರುಗುವಿಕೆಗೆ ಎದುರಾಗಿಯೇ ಇರುತ್ತದೆ. ಇದು ಲೆಂಜ್ ನಿಯಮ. ಬೆಳಕಿನ ಪ್ರತಿ ಜೂಲನ್ನೂ ನಿಮ್ಮ ಕಾಲೇ ಕೊಡಬೇಕು. ಬ್ಲಫ್‌ನಲ್ಲಿ ಕೊಡುವುದು ಕಾವೇರಿ. ಬಲ ಎಂಬ ಮೊದಲ ವರ್ಷದ ಮಾತೂ ಕಾಂತಕ್ಷೇತ್ರ ಎಂಬ ಎರಡನೆಯ ವರ್ಷದ ಮಾತೂ ಒಂದೇ ಅಚ್ಚಿನ ಮೇಲೆ ಸಮತೂಕವಾಗಿ ನಿಲ್ಲುವುದು ಹೀಗೆ.

ಇನ್ನು ಈ ಕರೆಂಟನ್ನು ಕೋಲಾರದವರೆಗೆ ಕಳಿಸುವ ಪ್ರಶ್ನೆ. ಸುಮಾರು 147 ಕಿಲೋಮೀಟರ್ ತಂತಿ. ತಂತಿಗೆ ರೋಧ ಇರುತ್ತದೆ, ಅಂದರೆ ಹರಿವಿಗೆ ತಡೆ. ಆ ತಡೆಯಲ್ಲಿ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಸೋರಿಕೆ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಕರೆಂಟು ಹತ್ತು ಪಟ್ಟಾದರೆ ಸೋರಿಕೆ ನೂರು ಪಟ್ಟು. ಅಭ್ಯಾಸಕ್ಕಾಗಿ ರೋಧ 10 ಓಮ್, ಕಳಿಸಬೇಕಾದದ್ದು 3 ಲಕ್ಷ ವ್ಯಾಟ್ ಎಂದಿಟ್ಟುಕೊಳ್ಳಿ. ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ. 3,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು 100 ಆಂಪಿಯರ್, ಸೋರಿಕೆ ಒಂದು ಲಕ್ಷ ವ್ಯಾಟ್, ಮೂರರಲ್ಲಿ ಒಂದು ಪಾಲು ದಾರಿಯಲ್ಲೇ ಹೋಯಿತು. 30,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು 10 ಆಂಪಿಯರ್, ಸೋರಿಕೆ ಸಾವಿರ ವ್ಯಾಟ್ ಮಾತ್ರ. ಅಂದಿನ ಇಂಜಿನಿಯರುಗಳು ಕೋಲಾರದ ಲೈನಿಗೆ ಆರಿಸಿದ್ದೂ ಸುಮಾರು 30,000 ವೋಲ್ಟನ್ನೇ. ವೋಲ್ಟೇಜನ್ನು ಹೀಗೆ ಏರಿಸಿ ಇಳಿಸುವುದು ಟ್ರಾನ್ಸ್‌ಫಾರ್ಮರ್, ಅದೂ ಫ್ಯಾರಡೆಯ ಅದೇ ನಿಯಮದಿಂದ.

ನಿಮ್ಮ ಕಬ್ಬಿನ ಗದ್ದೆಯ ಪಂಪ್‌ಸೆಟ್ಟಿನಲ್ಲಿ ಕತೆ ಹಿಂದುಮುಂದಾಗುತ್ತದೆ: ಕರೆಂಟು ಒಳಗೆ ಹೋಗುತ್ತದೆ, ಕಾಂತಕ್ಷೇತ್ರದಲ್ಲಿ ಬಲ ಹುಟ್ಟುತ್ತದೆ, ಅಚ್ಚು ತಿರುಗಿ ನೀರು ಮೇಲೇರುತ್ತದೆ. ಈಗ ನಿಮ್ಮ ಸರದಿ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. 5 ಅಶ್ವಶಕ್ತಿಯ ಮೋಟರು ಒಂದು ಗಂಟೆ ಓಡಲು ಬ್ಲಫ್‌ನಲ್ಲಿ ಎಷ್ಟು ಟ್ಯಾಂಕು ನೀರು ಇಳಿಯಬೇಕು? ದಾರಿಯಲ್ಲಿ ಏನೂ ಸೋರದಿದ್ದರೆ ಹನ್ನೊಂದೂವರೆಯ ಹತ್ತಿರ ಬರಬೇಕು. ಬಂದರೆ, ಟರ್ಬೈನ್, ಜನರೇಟರ್, ತಂತಿ, ಮೋಟರ್ ಎಲ್ಲೆಲ್ಲಿ ಎಷ್ಟೆಷ್ಟು ಸೋರಬಹುದೆಂದು ಊಹಿಸಿ ಮತ್ತೊಮ್ಮೆ ಮಾಡಿ ನೋಡಿ.