ಕೊಳವೆ ಅಲ್ಲಾಡದಿದ್ದರೆ

ಚಿರಂಜೀವಿ ಪುಟ್ಟಿಗೆ,

ನಿನಗೆ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಸೀಟು ಸಿಕ್ಕಿತೆಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ಓದು ಯಾವುದರ ಮೇಲೆ ಎಂದರೆ, ‘ಸ್ತನದ ಎಕ್ಸ್-ರೇ ತೆಗೆಯುವ ಹೊಸ ಯಂತ್ರವಂತೆ’ ಎಂದ. ನನ್ನ ಸರ್ವೀಸಿನ ಬಹುಪಾಲು ಕಳೆದದ್ದು ಮ್ಯಾಮೊಗ್ರಫಿ ಕೋಣೆಯಲ್ಲೇ. ಹಾಗಾಗಿ ಕಾಗದ ಸ್ವಲ್ಪ ಉದ್ದವಾದರೂ ಪೂರ್ತಿ ಓದು.

ಓರೆ ಕೋನದ ಚಿತ್ರ ತೆಗೆಯುವಾಗ ಹೆಂಗಸು ಹೇಗೆ ನಿಲ್ಲಬೇಕಾಗುತ್ತದೆ ಗೊತ್ತೇ? ಒಂದು ಕೈ ಎತ್ತಿ ಯಂತ್ರದ ಹಿಡಿಯ ಮೇಲೆ ಇಡಬೇಕು, ಭುಜ ಸಡಿಲ ಬಿಡಬೇಕು, ಕಂಕುಳು ಫಲಕದ ಮೂಲೆಗೆ ಒತ್ತಿಕೊಂಡಿರಬೇಕು, ಮುಖ ಆಚೆ ತಿರುಗಿಸಬೇಕು. ಮೇಲಿನಿಂದ ಪ್ಲಾಸ್ಟಿಕ್ ಪ್ಯಾಡಲ್ ಇಳಿದು ಬಿಗಿಯಾಗಿ ಒತ್ತುತ್ತದೆ. ಭುಜ ಹಿಡಿದುಕೊಂಡಿರುವ ಅರವತ್ತರ ಅಮ್ಮನಿಗೆ ಆ ಕೈ ಎತ್ತುವುದೇ ಸಂಕಟ. ಪರದೆಯ ಹಿಂದಿನಿಂದ ನಾವು, ‘ಉಸಿರು ಹಿಡಿದುಕೊಳ್ಳಿ ಅಮ್ಮಾ, ಅಲ್ಲಾಡಬೇಡಿ’ ಎನ್ನುತ್ತೇವೆ. ಆ ನೋವಿನಲ್ಲೂ ಅವರು ಅಲ್ಲಾಡದೆ ನಿಲ್ಲುತ್ತಾರೆ. ನೀನು ಓದಲು ಹೊರಟಿರುವ ವಿದ್ಯೆ ಆ ಯಂತ್ರಕ್ಕೂ ಅಲ್ಲಾಡದೆ ನಿಲ್ಲುವುದನ್ನು ಕಲಿಸುತ್ತಿದೆ. ಅದಕ್ಕೇ ನನಗೆ ಇಷ್ಟು ಸಂತೋಷ.

ಮಾಮೂಲಿ ಮ್ಯಾಮೊಗ್ರಾಮ್‌ನ ಕೊರತೆ ನಿನಗೆ ತಿಳಿದದ್ದೇ. ಸ್ತನದ ಎಲ್ಲ ಪದರಗಳೂ ಒಂದೇ ಚಿತ್ರದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅಡಿಕೆ ತೋಟದಲ್ಲಿ ಒಂದೇ ಕಡೆ ನಿಂತರೆ ಹಿಂದಿನ ಮರ ಮುಂದಿನ ಮರಕ್ಕೆ ಮರೆಯಾಗುತ್ತದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಈ ಕೊರತೆ ನೀಗಿಸಲು ಬಂದ ಟೊಮೊಸಿಂಥೆಸಿಸ್ ಮಾಡುವುದೂ ಅದನ್ನೇ. ಎಕ್ಸ್-ರೇ ಕೊಳವೆ ಕಮಾನಿನಂತೆ ಚಲಿಸುತ್ತಾ ಹಲವು ಕೋನಗಳಿಂದ ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ಅವನ್ನು ಪದರ ಪದರವಾಗಿ ಬಿಡಿಸಿಕೊಡುತ್ತದೆ. ಅಮೆರಿಕದ ಎಫ್‌ಡಿಎ 2011ರಲ್ಲಿ ಒಪ್ಪಿಗೆ ಕೊಟ್ಟ ಹೋಲಾಜಿಕ್ ಕಂಪನಿಯ ಯಂತ್ರ ಸುಮಾರು 4 ಸೆಕೆಂಡಿನಲ್ಲಿ 15 ಡಿಗ್ರಿ ಸುತ್ತಿ 15 ಚಿತ್ರ ತೆಗೆಯುತ್ತದೆ. ಇದರಿಂದ ಪ್ರಯೋಜನ ಆಗಿಲ್ಲವೇ? ಖಂಡಿತ ಆಗಿದೆ. ಅಲ್ಲಿನ 13 ಕೇಂದ್ರಗಳ ನಾಲ್ಕೂವರೆ ಲಕ್ಷ ಪರೀಕ್ಷೆಗಳ ಲೆಕ್ಕ 2014ರಲ್ಲಿ ಹೊರಬಂತು. ಸಾವಿರಕ್ಕೆ 4.2 ಇದ್ದ ಕ್ಯಾನ್ಸರ್ ಪತ್ತೆ 5.4ಕ್ಕೆ ಏರಿತ್ತು. ‘ಇನ್ನೊಮ್ಮೆ ಬನ್ನಿ, ಅನುಮಾನ ಇದೆ’ ಎಂದು ಕರೆಸಿಕೊಳ್ಳುವುದು ಸಾವಿರಕ್ಕೆ 107ರಿಂದ 91ಕ್ಕೆ ಇಳಿದಿತ್ತು. ಹಾಗೆ ಕರೆ ಬಂದ ಹೆಂಗಸಿನ ಆ ರಾತ್ರಿ ಹೇಗಿರುತ್ತದೆಂದು ಕಂಡವಳಿಗೆ ಎರಡನೆಯ ಅಂಕಿಯೂ ಸಣ್ಣದಲ್ಲ.

ಆದರೆ ಕೊಳವೆ ಓಡುತ್ತಲೇ ಕಿರಣ ಬಿಟ್ಟರೆ ನೆರಳು ಎಳೆದುಕೊಳ್ಳುತ್ತದೆ. ನೀನೇ ಲೆಕ್ಕ ಹಾಕು. ಗ್ರಾಹಕ ಫಲಕದಿಂದ 70 ಸೆಂ.ಮೀ. ಮೇಲಿರುವ ಕೊಳವೆ ಒಂದು ಚಿತ್ರ ತೆಗೆಯುವಷ್ಟರಲ್ಲಿ 2 ಮಿ.ಮೀ. ಸರಿಯಿತು ಎಂದುಕೋ. ಫಲಕಕ್ಕಿಂತ 5 ಸೆಂ.ಮೀ. ಎತ್ತರದಲ್ಲಿರುವ ಕಣದ ನೆರಳು ಸುಮಾರು 0.15 ಮಿ.ಮೀ. ಉದ್ದಕ್ಕೆ ಹರಡುತ್ತದೆ. ಇಷ್ಟಕ್ಕೇನು ಎನ್ನಬೇಡ. ನಾವು ಹುಡುಕುವ ಸುಣ್ಣದ ಕಣಗಳೇ ಎಷ್ಟೋ ಸಲ ಅರ್ಧ ಮಿ.ಮೀ.ಗಿಂತ ಚಿಕ್ಕವು. ಹಾಲಿನ ನಾಳದಿಂದ ಇನ್ನೂ ಹೊರಗೆ ಬಾರದ ಕ್ಯಾನ್ಸರ್ ಬಹಳಷ್ಟು ಸಲ ಆ ಕಣಗಳ ಗುಂಪಾಗಿ ಮಾತ್ರ ಕಾಣಿಸುತ್ತದೆ. ಆ ಕಣಗಳ ಅಂಚು ಮಸುಕಾದರೆ ವೈದ್ಯರ ನಿರ್ಧಾರವೂ ಮಸುಕಾಗುತ್ತದೆ. ಪ್ರತಿ ಚಿತ್ರಕ್ಕೂ ಕೊಳವೆಯನ್ನು ನಿಲ್ಲಿಸಿ ಮುಂದೆ ಸಾಗುವ ಯಂತ್ರಗಳೂ ಇವೆ. ಅಲ್ಲಿ ಸಮಯ ಹೆಚ್ಚು ಹಿಡಿಯುತ್ತದೆ, ಆ ಅಮ್ಮ ಅಷ್ಟು ಹೊತ್ತೂ ಅಲ್ಲಾಡದೆ ನಿಂತಿರಬೇಕು. ಕೋನ ಅಗಲವಾದಷ್ಟೂ ಪದರ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ, ಆದರೆ 50 ಡಿಗ್ರಿ ಸುತ್ತುವ ಸೀಮೆನ್ಸ್ ಯಂತ್ರಕ್ಕೆ 25 ಸೆಕೆಂಡಿನಷ್ಟು ಬೇಕಾಗುತ್ತಿತ್ತು.

ನಿನ್ನ ವಿಶ್ವವಿದ್ಯಾಲಯದ ಆಟೊ ಝೌ, ಜಿಯಾನ್‌ಪಿಂಗ್ ಲೂ ಅವರ ತಂಡ ಇದಕ್ಕೆ ಕಂಡುಕೊಂಡ ದಾರಿ, ಒಂದು ಕೊಳವೆಯನ್ನು ಓಡಿಸುವ ಬದಲು ಹಲವು ಕಿರಣಮೂಲಗಳನ್ನು ಸಾಲಾಗಿ ಕೂರಿಸುವುದು. ಹೋಲಾಜಿಕ್‌ನದೇ ಯಂತ್ರದ ಮೇಲೆ 30 ಡಿಗ್ರಿ ಅಗಲಕ್ಕೆ 31 ಮೂಲಗಳ ಸಾಲು ಅಳವಡಿಸಿದರು. ಒಂದಾದ ಮೇಲೊಂದು ಮಿಂಚುತ್ತದೆ, ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಹಳೆಯ ಕೊಳವೆಯಲ್ಲಿ ಇದು ಕಷ್ಟ. 1913ರಲ್ಲಿ ಕೂಲಿಡ್ಜ್ ರೂಪಿಸಿದ ಕೊಳವೆಯಿಂದ ಇಂದಿನವರೆಗೂ ಟಂಗ್‌ಸ್ಟನ್ ತಂತಿಯನ್ನು ಕಾಯಿಸಿಯೇ ಎಲೆಕ್ಟ್ರಾನ್ ಹೊರಡಿಸುವುದು. ಈ ತಂಡ ಬಳಸಿದ ಕಾರ್ಬನ್ ನ್ಯಾನೊಟ್ಯೂಬ್‌ಗೆ ಕಾಯಿಸುವ ಗೋಜಿಲ್ಲ. ಅದರ ತುದಿ ಎಷ್ಟು ಸೂಕ್ಷ್ಮವೆಂದರೆ ಎದುರಿನ ಜಾಲರಿಗೆ ವೋಲ್ಟೇಜ್ ಕೊಟ್ಟರೆ ಸಾಕು, ತಣ್ಣಗಿದ್ದಂತೆಯೇ ಎಲೆಕ್ಟ್ರಾನ್ ಚಿಮ್ಮುತ್ತದೆ, ವೋಲ್ಟೇಜ್ ತೆಗೆದ ಕ್ಷಣ ನಿಲ್ಲುತ್ತದೆ. ಮೂಲಗಳನ್ನು ಒತ್ತೊತ್ತಾಗಿ ಇಡಲು, ಬೇಕೆಂದಾಗ ಉರಿಸಲು ಇದರಿಂದಲೇ ಸಾಧ್ಯವಾದದ್ದು.

ಈಗ ನಿನ್ನ ಪ್ರೊಫೆಸರರನ್ನು ಕೇಳಬೇಕಾದ ಪ್ರಶ್ನೆ. ಕೊಳವೆಗೆ ಹೋದ ಶಕ್ತಿಯಲ್ಲಿ ಶೇ. 99ರಷ್ಟು ಬಿಸಿಯಾಗಿಯೇ ಕಳೆದುಹೋಗುತ್ತದೆ. ಹಳೆಯ ಕೊಳವೆಯಲ್ಲಿ ಆನೋಡ್ ಗಿರಗಿರ ತಿರುಗಿ ಆ ಬಿಸಿಯನ್ನು ಹಂಚಿಕೊಳ್ಳುತ್ತದೆ. ಸಾಲಿನಲ್ಲಿ ಕೂತ ಆನೋಡ್‌ಗಳು ತಿರುಗುವುದಿಲ್ಲ. ಪ್ರತಿ ಮೂಲವೂ ಒಂದು ಸ್ಕ್ಯಾನಿನಲ್ಲಿ ಒಮ್ಮೆ ಮಾತ್ರ ಉರಿಯುವುದರಿಂದ ತಣಿಯಲು ಬಿಡುವು ಸಿಗುತ್ತದೆ, ನಿಜ. ಆದರೂ ಆ ಒಂದು ಸಲಕ್ಕೆ ಎಷ್ಟು ವಿದ್ಯುತ್ ತಡೆದೀತು? ಕಡಿಮೆ ವಿದ್ಯುತ್ ಕೊಟ್ಟರೆ ಹೆಚ್ಚು ಹೊತ್ತು ಉರಿಸಬೇಕು, ಉಳಿಸಿದ ಸಮಯ ಅಲ್ಲೇ ಸೋರಿಹೋಗುತ್ತದೆ. ಇನ್ನೊಂದು ಪ್ರಶ್ನೆ ಸಾಲಿನ ಸಮತೆ: ಎಲ್ಲ ಮೂಲಗಳೂ ವರ್ಷಗಟ್ಟಲೆ ಒಂದೇ ಸಮನೆ ಬೆಳಗಬೇಕು. ಈ ಯಂತ್ರದಲ್ಲಿ ಮಹಿಳೆಯರ ಪರೀಕ್ಷೆಯೂ ನಿನ್ನ ವಿಶ್ವವಿದ್ಯಾಲಯದಲ್ಲಿ ನಡೆದಿದೆ, ಆದರೆ ಆಸ್ಪತ್ರೆಗಳ ನಿತ್ಯದ ಕೆಲಸದಲ್ಲಿ ಇಂದಿಗೂ ಇರುವುದು ಚಲಿಸುವ ಕೊಳವೆಗಳೇ. ಸಾಲನ್ನು ನಂಬಿ ಕೆಲಸ ಮಾಡು. ನನ್ನ ಮಟ್ಟಿಗೆ ದಾರಿ ಅದೇ. ಆದರೆ ಅದು ಗೆದ್ದಾಗಿದೆ ಎಂದು ಯಾರಿಗೂ ಹೇಳಬೇಡ.

ಹೋಗುವ ಮುನ್ನ ಇಲ್ಲಿನ ಮ್ಯಾಮೊಗ್ರಫಿ ಕೋಣೆಯ ಹೊರಗಿನ ಬೆಂಚಿನಲ್ಲಿ ಒಂದು ಬೆಳಗ್ಗೆ ಕೂತು ಬಾ. ಗಂಟು ಕೈಗೆ ಸಿಕ್ಕಮೇಲೆ, ಅದೂ ತಿಂಗಳುಗಟ್ಟಲೆ ಮುಚ್ಚಿಟ್ಟು, ಬಂದವರೇ ಹೆಚ್ಚು. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, 98 ಸಾವಿರದಷ್ಟು ಮಂದಿ ತೀರಿಕೊಂಡರು ಎಂಬುದು ಅಂತರರಾಷ್ಟ್ರೀಯ ಅಂದಾಜು. ನೀನು ಕಟ್ಟುವ ಯಂತ್ರ ದುಬಾರಿಯಾಗಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಷ್ಟೇ ಸೇರಿದರೆ ನನಗೆ ಸಮಾಧಾನವಾಗದು. ಓಡುವ ಭಾಗ ಕಡಿಮೆಯಿದ್ದರೆ ಕೆಡುವುದೂ ಕಡಿಮೆ ಎಂಬುದು ನನ್ನ ಅನುಭವ. ತಾಲ್ಲೂಕು ಆಸ್ಪತ್ರೆಗೆ ಸಲ್ಲುವಂತೆ ಅದನ್ನು ಕಟ್ಟಲು ಸಾಧ್ಯವೇ, ಯೋಚಿಸು.

ಇನ್ನೊಂದು ಮಾತು. ನಿನ್ನಮ್ಮನಿಗೆ ಐವತ್ತು ದಾಟಿದೆ, ‘ನನಗೇನಾಗಿದೆ’ ಎಂದು ಪರೀಕ್ಷೆ ಮುಂದೂಡುತ್ತಲೇ ಇದ್ದಾಳೆ. ವಿಮಾನ ಹತ್ತುವ ಮೊದಲು ಅವಳನ್ನು ನೀನೇ ಕರೆದುಕೊಂಡು ಹೋಗಿ ಮ್ಯಾಮೊಗ್ರಾಮ್ ಮಾಡಿಸು. ನಾನು ಹೇಳಿದರೆ ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾಳೆ.

ಇಂತಿ ನಿನ್ನ,
ಅತ್ತೆ